ಊಟದ ಕ್ಲಬ್ಬು ನಮ್ಮೂರಿಗೆ ಬೇಡ ಮಾರಾಯ್ರೆ

ಸಂಪಾದಕರಿಗೆ ನಮಸ್ಕಾರ,

ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿಯ ಊಟದ ಕ್ಲಬ್ಬುಗಳ ಬಗ್ಗೆ, ಅಂದ್ರೆ ಅಲ್ಲಿನ ಹುಡುಗರು ಮೆಂಬರ್ ಆಗಿ ಒಟ್ಟಿಗೆ ಊಟ, ಪಾರ್ಟಿ ಮಾಡೋ ಕ್ಲಬ್ಬುಗಳ ಬಗ್ಗೆ, ನಿಮ್ಮ ಪುರವಣಿಲಿ ಬಂದ ಲೇಖನ ಓದಿದೆ. ಕೊನೇಲಿ, ನಮ್ಮ ಕಾಲೇಜುಗಳಲ್ಲೂ ಇಂಥದ್ದು ಶುರುವಾದ್ರೆ ಹುಡುಗರಿಗೆ ನೆಟ್‌ವರ್ಕಿಂಗ್ ಆಗತ್ತೆ ಅಂತ ಬರೆದಿದ್ರಲ್ಲ, ಅದಕ್ಕೇ ಈ ಪತ್ರ. ನಾನು ಶಿವಮೊಗ್ಗದಲ್ಲಿ ಕಾಲೇಜು ಹುಡುಗರಿಗೆ ಮೆಸ್ ನಡೆಸೋನು. ಓದಿದ್ದು ಪಿಯುಸಿವರೆಗೆ ಅಷ್ಟೇ, ಆದ್ರೆ ಹುಡುಗರು ಊಟಕ್ಕೆ ಕೂರೋದನ್ನ ನಾನು ನೋಡಿದಷ್ಟು ಯಾವ ಪ್ರೊಫೆಸರೂ ನೋಡಿರಲಿಕ್ಕಿಲ್ಲ.

ಲೇಖನದಲ್ಲಿ ಬಂಗಲೆ, ಪಾರ್ಟಿ, ದೊಡ್ಡ ದೊಡ್ಡ ಹೆಸರು ಎಲ್ಲ ಇತ್ತು, ಶುರುವಾಗಿದ್ದು ಹೇಗೆ ಅನ್ನೋದೇ ಇರಲಿಲ್ಲ. ಮೆಸ್ಸಿಗೆ ಬರೋ ಎಂಎ ಹುಡುಗರ ಹತ್ರ ಕೇಳಿ, ಮೊಬೈಲಲ್ಲಿ ಹುಡುಕಿ ಓದಿದೆ. ಆಗಿನ ಕಾಲಕ್ಕೆ ಅಲ್ಲಿ ಎಲ್ಲರಿಗೂ ಸರಿಯಾಗಿ ಊಟ ಹಾಕೋ ವ್ಯವಸ್ಥೆ ಕಾಲೇಜಿನದ್ದೇ ಅಂತ ಇರಲಿಲ್ಲ, ಹುಡುಗರು ಊರೊಳಗೆ ದುಡ್ಡು ಕೊಟ್ಟು ಉಣ್ಣೋ ಮನೆಗಳಿಗೆ ಹೋಗ್ತಿದ್ರು, ಹಾಗೆ ಒಟ್ಟಿಗೆ ಉಣ್ಣೋರು ಗುಂಪು ಕಟ್ಟಿಕೊಂಡ್ರು. ಅಂದ್ರೆ ನನ್ನ ಮೆಸ್ಸಿನ ಥರಾನೇ! 1879ರಲ್ಲಿ ಐವಿ ಕ್ಲಬ್ ಬಂತು, ಆಮೇಲೆ ಪ್ರಾಸ್ಪೆಕ್ಟ್ ಅವೆನ್ಯೂ ಅನ್ನೋ ರಸ್ತೇಲಿ ಒಂದರ ಪಕ್ಕ ಒಂದು ಬಂಗಲೆ ಎದ್ದು, ಈಗ 11 ಕ್ಲಬ್ ಇದಾವೆ. ಕೆಲವಕ್ಕೆ ಹೆಸರು ಬರೆಸಿದ್ರೆ ಆಯ್ತು, ಉಳಿದವಕ್ಕೆ ಸೇರಬೇಕು ಅಂದ್ರೆ ಬಿಕರ್ ಅಂತ ಒಂದು ಶಾಸ್ತ್ರ. ಎರಡನೇ ವರ್ಷದ ಹುಡುಗ ಹುಡುಗಿಯರನ್ನ ಸೀನಿಯರ್‌ಗಳು ಮಾತಾಡಿಸಿ, ಆಟ ಆಡಿಸಿ ನೋಡೋದು, ಆಮೇಲೆ ಬಾಗಿಲು ಹಾಕ್ಕೊಂಡು ಇವನು ಬೇಕು ಅವನು ಬೇಡ ಅಂತ ತೀರ್ಮಾನ ಮಾಡೋದು. ಹೆಣ್ಣು ನೋಡೋ ಶಾಸ್ತ್ರದಲ್ಲಾದ್ರೂ ಉಪ್ಪಿಟ್ಟು ಕಾಫಿ ಕೊಡ್ತಾರೆ.

1958ರಲ್ಲಿ ಯಾವ ಕ್ಲಬ್ಬೂ ಸೇರಿಸ್ಕೊಳ್ಳದೆ 23 ಹುಡುಗರು ಹೊರಗುಳಿದ್ರಂತೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಯಹೂದಿಗಳು. ಹೆಣ್ಣುಮಕ್ಕಳನ್ನ ಯೂನಿವರ್ಸಿಟಿ 1969ರಲ್ಲೇ ಸೇರಿಸ್ಕೊಂಡ್ರೂ ಕೆಲವು ಕ್ಲಬ್ಬು ಬಾಗಿಲೇ ತೆಗೀಲಿಲ್ಲ. ಸ್ಯಾಲಿ ಫ್ರಾಂಕ್ ಅನ್ನೋ ವಿದ್ಯಾರ್ಥಿನಿ 1979ರಲ್ಲಿ ದೂರು ಕೊಟ್ಟು, ಅದು ನ್ಯೂಜೆರ್ಸಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, ತೀರ್ಪು ಬರೋವಾಗ 1990. ಅಷ್ಟರಲ್ಲಿ ಆ ಹೆಣ್ಣುಮಗಳು ಓದು ಮುಗಿಸಿ ಎಷ್ಟು ವರ್ಷ ಆಗಿತ್ತೋ! ಇದಕ್ಕೂ ಮುಂಚೆ, 1907ರಲ್ಲಿ ಆ ಯೂನಿವರ್ಸಿಟಿಯ ಮುಖ್ಯಸ್ಥರಾಗಿದ್ದ ವುಡ್ರೋ ವಿಲ್ಸನ್ ಈ ಕ್ಲಬ್ಬಿನ ಸಹವಾಸವೇ ಬೇಡ, ಎಲ್ಲಾ ವರ್ಷದೋರೂ ಒಂದೇ ಕಡೆ ಇದ್ದು ಒಂದೇ ಕಡೆ ಉಣ್ಣಲಿ ಅಂತ ಪ್ಲಾನ್ ತಂದ್ರು. ಹಳೇ ವಿದ್ಯಾರ್ಥಿಗಳು ತಿರುಗಿಬಿದ್ರು, ಪ್ಲಾನ್ ಮೂಲೆಗೆ ಹೋಯ್ತು. ಆ ಮನುಷ್ಯ ಮುಂದೆ ಇಡೀ ಅಮೆರಿಕಕ್ಕೆ ಪ್ರೆಸಿಡೆಂಟ್ ಆದ್ರು, ಊಟದ ಕ್ಲಬ್ಬು ಮುಚ್ಚಿಸೋಕೆ ಮಾತ್ರ ಅವರ ಕೈಲಿ ಆಗಲಿಲ್ಲ ನೋಡಿ. ಒಂದ್ಸಲ ಬಂಗಲೆ ಎದ್ದು, ಹಳೇ ಮೆಂಬರ್‌ಗಳ ದುಡ್ಡು ಸೇರಿಬಿಟ್ರೆ ಮುಗೀತು, ಕಿತ್ತು ಹಾಕೋಕೆ ಯಾರಿಂದಲೂ ಆಗಲ್ಲ, ಅದಕ್ಕೇ ಶುರುವಲ್ಲೇ ಹೇಳ್ತಿರೋದು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಹುಡುಗರ ಬುಲಿಂಗ್‌ಡನ್ ಕ್ಲಬ್ ಬಗ್ಗೆ ಓದಿದಾಗಂತೂ ಹೋಟೆಲ್ ನಡೆಸೋನಾಗಿ ಮೈ ಉರೀತು. ಕೋಟು ಹಾಕ್ಕೊಂಡು ಬಂದು ಉಂಡು, ಕುಡಿದು, ಸಾಮಾನು ಪುಡಿ ಮಾಡಿ, ದುಡ್ಡು ಬಿಸಾಕಿ ಹೋಗೋದಕ್ಕೇ ಹೆಸರಾದ ಕ್ಲಬ್ಬು. 1927ರಲ್ಲಿ ಕ್ರೈಸ್ಟ್ ಚರ್ಚ್ ಕಾಲೇಜಿನ ಕಿಟಕಿ ಗಾಜು ಒಡೆದ ಮೇಲೆ ಆಕ್ಸ್‌ಫರ್ಡ್ ಸುತ್ತ 15 ಮೈಲಿ ಒಳಗೆ ಸೇರಕೂಡದು ಅಂತ ಮಾಡಿದ್ರಂತೆ. ಡೇವಿಡ್ ಕ್ಯಾಮರಾನ್, ಬೋರಿಸ್ ಜಾನ್ಸನ್ ಇಬ್ರೂ ಇದರ ಮೆಂಬರ್‌ಗಳೇ, ಇಬ್ರೂ ಪ್ರಧಾನಿ ಆದ್ರು. ನೆಟ್‌ವರ್ಕಿಂಗ್ ಅಂದ್ರೆ ಇದೇ ತಾನೇ?

ಇದನ್ನೆಲ್ಲ ದೂರದ ಸುದ್ದಿ ಅಂತ ಬಿಡಬಹುದಿತ್ತು. ಆದ್ರೆ ಹೋದ ತಿಂಗಳು ಇಲ್ಲೇ ಒಂದು ಕಾಲೇಜಿನ ಹುಡುಗರು ಬಂದು, ಅಂಕಲ್ ಶನಿವಾರ ರಾತ್ರಿ ನಿಮ್ಮ ಮಹಡಿ ಹಾಲ್ ನಮಗೇ ಬೇಕು, ನಾವು ಸೆಲೆಕ್ಟ್ ಮಾಡಿದೋರು ಮಾತ್ರ ಬರ್ತಾರೆ, ಇಂಟರ್‌ವ್ಯೂ ಇರತ್ತೆ, ನಿಮಗೆ ಡಬಲ್ ರೇಟ್ ಕೊಡ್ತೀವಿ ಅಂದ್ರು. ಹಾಲ್ ಕೊಡ್ತೀನಪ್ಪ, ಆದ್ರೆ ಮೆಸ್ ಕಾರ್ಡ್ ಇಟ್ಕೊಂಡು ಯಾರು ಮೇಲೆ ಬಂದ್ರೂ ತಡೆಯೋ ಹಂಗಿಲ್ಲ ಅಂದೆ. ಮುಖ ಮುಖ ನೋಡ್ಕೊಂಡು ಹೋದ್ರು, ಮತ್ತೆ ಬರಲಿಲ್ಲ. ಬಂದ ವ್ಯಾಪಾರ ಕಳ್ಕೊಂಡ್ರಿ ಅಂತ ಮನೆಯವಳು ಇನ್ನೂ ಬೈತಾಳೆ.

ನಾನು ಯಾಕೆ ಹಂಗಂದೆ ಅಂದ್ರೆ, ಮೊದಲು ನಮ್ಮಲ್ಲಿ ನಾಲ್ಕು ಜನ ಕೂರೋ ಟೇಬಲ್ ಇದ್ವು. ಫ್ಯಾನ್ ಕೆಳಗಿನ ಎರಡು ಟೇಬಲ್ಲಿಗೆ ಒಂದೇ ಗ್ಯಾಂಗಿನೋರು ಮುಂಚೆನೇ ಬಂದು ಕುರ್ಚಿ ಮೇಲೆ ಬ್ಯಾಗ್ ಇಟ್ಟುಬಿಡೋರು. ರಾಯಚೂರು ಕಡೆಯಿಂದ ಬಂದ ಹುಡುಗನೊಬ್ಬ ದಿನಾ ತಟ್ಟೆ ಹಿಡ್ಕೊಂಡು ಗೋಡೆ ಹತ್ರ ನಿಂತೇ ಉಣ್ಣೋನು, ಕೂತ್ಕೋ ಅಂದ್ರೆ ಪರವಾಗಿಲ್ಲ ಸಾರ್ ಅನ್ನೋನು, ಸಾರು ತಟ್ಟೆಯಿಂದ ಸೋರಿ ಅವನ ಅಂಗಿ ತೋಳಿಗೆ ಇಳೀತಿತ್ತು. ಟೇಬಲ್ ಎಲ್ಲ ಮಾರಿ ಉದ್ದ ಬೆಂಚು ಹಾಕಿಸಿದೆ. ಈಗ ಖಾಲಿ ಇದ್ದಲ್ಲಿ ಕೂರಬೇಕು, ಪಕ್ಕದಲ್ಲಿ ಹೊಸನಗರದೋನೋ ಬೀದರಿನೋನೋ ಸಿಗ್ತಾನೆ, ಮಳೆಗಾಲದಲ್ಲಿ ಪತ್ರೊಡೆ ಮಾಡಿದ ದಿನ ಇವನು ಅವನಿಗೆ ಇದೇನು ಅಂತ ಹೇಳಿಕೊಡ್ತಾನೆ.

ನಿಮ್ಮೂರಲ್ಲಿ ಜಾತಿಗೊಂದು ಹಾಸ್ಟೆಲ್ ಇಲ್ವಾ ಅಂತ ಯಾರಾದ್ರೂ ಕೇಳಬಹುದು. ಇದಾವೆ. ಆದ್ರೆ ಅವು ಹುಟ್ಟಿದ್ದು ಹಳ್ಳಿಯಿಂದ ಬಂದ ಮಕ್ಕಳಿಗೆ ಪೇಟೇಲಿ ಒಂದು ತುತ್ತು ಅನ್ನಕ್ಕೆ ಜಾಗ ಇಲ್ಲದಿದ್ದಾಗ. ವಾರಾನ್ನಕ್ಕೆ ಮನೆ ಮನೆಗೆ ಹೋಗೋಕೂ ಜಾತಿ ನೋಡ್ತಿದ್ದ ಕಾಲ ಅದು. ಇವತ್ತಿಗೂ ಅದು ಹಂಗೇ ಇರಬೇಕಾ ಅನ್ನೋದು ಬೇರೆ ಮಾತು, ನನಗೂ ಅದರಲ್ಲಿ ತಕರಾರಿದೆ. ಆದ್ರೆ ಹೊಟ್ಟೆ ತುಂಬಿದೋರು ಪಂಕ್ತಿಭೇದ ಮಾಡೋಕೆ ಅಂತಲೇ ಕ್ಲಬ್ಬು ಕಟ್ಟೋದನ್ನ ಇದರ ಜೊತೆ ಸೇರಿಸಬೇಡಿ.

ಕಾಲೇಜಿನೋರಿಗೆ ನನ್ನ ಮನವಿ ಇಷ್ಟೇ, ಇಂಥ ಕ್ಲಬ್ಬಿಗೆ ಕಾಲೇಜಿನ ಹೆಸರು, ಲೋಗೋ, ರೂಮು ಯಾವುದೂ ಕೊಡಬೇಡಿ. ಹಳೇ ವಿದ್ಯಾರ್ಥಿಗಳ ಹತ್ರ ದುಡ್ಡಿದ್ರೆ ಹಾಸ್ಟೆಲಿನ ಊಟದ ಹಾಲಿಗೆ ಹಾಕ್ಲಿ, ಎಷ್ಟೋ ಕಡೆ ಜುಲೈಲಿ ಸಾಂಬಾರ್ ಪಾತ್ರೆ ಪಕ್ಕದಲ್ಲೇ ಸೋರೋ ನೀರಿಗೆ ಬಕೆಟ್ ಇಟ್ಟಿರ್ತಾರೆ.

ಪತ್ರ ಹಾಕಿದ್ರೆ ದಯವಿಟ್ಟು ನನ್ನ ಮೆಸ್ಸಿನ ಹೆಸರು ಹಾಕಬೇಡಿ, ಜಾಹೀರಾತು ಮಾಡ್ಕೊಂಡ ಅಂತಾರೆ.

ಇಂತಿ,
ಒಬ್ಬ ಮೆಸ್ ಮಾಲೀಕ, ಶಿವಮೊಗ್ಗ