ವಾರ್ಷಿಕ ಸಭೆಗೆ ಬರುವ ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ, ತೈಲ ಮತ್ತು ನೈಸರ್ಗಿಕ ಅನಿಲ ಉದ್ಯಮದ ನಮ್ಮ ಸಂಘದ ವಾರ್ಷಿಕ ಸಭೆಯು ಈ ಬಾರಿ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ, ಅಂದರೆ 2023ರ ಫೆಬ್ರವರಿಯಲ್ಲಿ ಭಾರತ ಇಂಧನ ಸಪ್ತಾಹ ಜರುಗಿ, ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್‌ಗೆ ಚಾಲನೆ ದೊರೆತ ಅದೇ ಆವರಣದಲ್ಲಿ ನಡೆಯಲಿದೆ.

ದಾಭೋಲ್‌ನಿಂದ ಬೆಂಗಳೂರಿಗೆ ಬರುವ, 2013ರಲ್ಲಿ ಕಾರ್ಯಾರಂಭಗೊಂಡ ಕೊಳವೆಮಾರ್ಗದ ಅನಿಲವನ್ನು ಹಳೆಯ ಬಡಾವಣೆಗಳ ಅಡುಗೆಮನೆಗಳಿಗೂ ತಲುಪಿಸುವುದು ಹೇಗೆ, ರಸ್ತೆ ಅಗೆಯುವ ಅನುಮತಿಯನ್ನು ಪಾಲಿಕೆಯಿಂದ ಸಕಾಲದಲ್ಲಿ ಪಡೆಯುವುದು ಹೇಗೆ ಎಂಬುದೇ ಬೆಳಗಿನ ಗೋಷ್ಠಿಯ ವಿಷಯವಾಗಿದ್ದು, ನನ್ನ ಅಭಿಪ್ರಾಯದಲ್ಲಿ ತಪ್ಪಿಸಿಕೊಳ್ಳಬಾರದ ಗೋಷ್ಠಿಯೂ ಅದೇ ಆಗಿದೆ. ಮಂಗಳೂರು ಮತ್ತು ಪಾದೂರಿನ ಭೂಗತ ಕಚ್ಚಾತೈಲ ಸಂಗ್ರಹಾಗಾರಗಳ ಕುರಿತ ಉಪನ್ಯಾಸವು ಮಧ್ಯಾಹ್ನ ಇರುತ್ತದೆ.

ಪೀಣ್ಯದ ದಟ್ಟಣೆ ಎಲ್ಲರಿಗೂ ಗೊತ್ತಿರುವುದರಿಂದ, ದಯವಿಟ್ಟು ಮೆಟ್ರೊ ಹಸಿರು ಮಾರ್ಗದಲ್ಲಿ ಮಾದಾವರ ನಿಲ್ದಾಣದವರೆಗೆ ಬನ್ನಿ. ಊಟದ ವ್ಯವಸ್ಥೆಗಾಗಿ, ಬರುವವರು ಮಾತ್ರ ಇದೇ ಗುಂಪಿನಲ್ಲಿ ತಮ್ಮ ಹೆಸರನ್ನು ತಿಳಿಸಬೇಕಾಗಿ ವಿನಂತಿ.