ಬಿಪಿ ಗುಳಗಿ ಮತ್ತ ಕೂಸಿನ ಎದಿ

ವಿಜಯಪುರ

ಚಿ. ಸೌ. ಸುಮಿತ್ರಾಗ ದೊಡ್ಡವ್ವನ ಆಶೀರ್ವಾದ.

"ಬಿಪಿ ಇಲ್ಲದಾಕಿಗೆ ಬಿಪಿ ಗುಳಗಿ ನುಂಗಿಸ್ಯಾರ, ಕೂಸಿನ ಎದಿಗೆ ಏನರ ಆದ್ರ?" ಅಂತ ಬರದಿ. ಉಳಿದದ್ದೆಲ್ಲಾ ಓದಿ ಮಡಚಿಟ್ಟೆ, ಇದೊಂದು ಮಾತ್ರ ಮನಸ್ಸು ಬಿಟ್ಟು ಹೋಗವಲ್ದು.

ನಿನಗ ಕೊಟ್ಟ ಗುಳಗಿ ನಿಫೆಡಿಪಿನ್. ಅದನ್ನ ಬಿಪಿಗೂ ಕೊಡತಾರ, ನಿನ್ನಂಗ ದಿನ ತುಂಬೂಕಿಂತ ಮೊದಲ ಬ್ಯಾನಿ ಬಂದ್ರ ತಡಿಯಾಕೂ ಕೊಡತಾರ. ಗರ್ಭಕೋಶದ ಸ್ನಾಯು ಬಿಗೀಬೇಕಂದ್ರ ಅದರ ಜೀವಕೋಶದೊಳಗ ಕ್ಯಾಲ್ಸಿಯಂ ಹರಿದು ಬರಬೇಕು. ಅದು ಕ್ಯಾಲ್ಮಾಡ್ಯುಲಿನ್ ಅನ್ನೋ ಪ್ರೋಟೀನಿಗೆ ಅಂಟಿ, ಒಂದು ಕಿಣ್ವ ಎಬ್ಬಿಸಿ, ಸ್ನಾಯು ಎಳಿಯೋ ಪ್ರೋಟೀನು ಮಯೋಸಿನ್‌ಗೆ ಫಾಸ್ಫೇಟ್ ಹಚ್ಚಿಸಿದ ಮ್ಯಾಲೆ ಎಳತ ಶುರು. ಕಾಲುವಿ ತೂಬು ಇಳಿಸಿದಂಗ ಈ ಗುಳಗಿ ಕ್ಯಾಲ್ಸಿಯಂ ಒಳಗ ಬರೋ ದಾರಿ ಮುಚ್ಚತೈತಿ. ರಕ್ತನಾಳದ ಸ್ನಾಯುವಿಗೂ ಅಂಥಾ ದಾರಿನ ಅದಾವು. ನಿನಗ ತಲಿ ನೋವು, ಮಾರಿ ಬಿಸಿ, ಎದಿ ಡವಡವ ಆಗಿದ್ದು ಅದಕ್ಕ.

ಕೂಸಿನ ಎದಿ ಅಂದೆಲ್ಲಾ, ಈ ಗುಳಗಿ ಜೋರು ನಾಳದ ಮ್ಯಾಲೆ, ಹೃದಯದ ಮ್ಯಾಲೆ ಕಡಿಮಿ. ಕೂಸಿಗೆ ತ್ರಾಸ ಆಗೂದು ತಾಯಿ ಬಿಪಿ ಒಮ್ಮೆಲೆ ಇಳಿದು ಮಾಸಿಗೆ ರಕ್ತ ಕಡಿಮಿ ಬಿದ್ದಾಗ. ಅದಕ್ಕ ಮೊದಲ 20 ಮಿ.ಗ್ರಾಂ ಕೊಟ್ಟು, ಬಿಪಿ, ಕೂಸಿನ ಬಡಿತ ನೋಡಕೋತ, ಆಮ್ಯಾಲೆ 6–8 ತಾಸಿಗೊಮ್ಮೆ 10–20 ಕೊಡತಾರ. ನಾಲಿಗಿ ಕೆಳಗ ಇಡಬಾರದು, ಬಿಪಿ ದಬಕ್ಕನ ಬೀಳತೈತಿ. ಮ್ಯಾಗ್ನೀಸಿಯಂ ಡ್ರಿಪ್ ಜೋಡಿ ಆದ್ರಂತೂ ಕಣ್ಣಿಟ್ಟು ಕಾಯಬೇಕು.

ಬ್ಯಾನಿ ತಡದು ಹಿಡಿಯೂದು ಎಲ್ಲಾ 48 ತಾಸಿನ ಲೆಕ್ಕ. ಅಷ್ಟರಾಗ 6 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಸೂಜಿ 12 ತಾಸಿಗೊಂದರಂಗ ನಾಲ್ಕು ಮುಗೀತಾವು, ಕೂಸಿನ ಶ್ವಾಸಕೋಶ ತಯಾರಾಗಾಕ. ನಾ ವಾರ್ಡಿನ್ಯಾಗ ಕೆಲಸಕ್ಕಿದ್ದ ಕಾಲಕ್ಕ ಬ್ಯಾನಿ ತಡಿಯಾಕ ಐಸಾಕ್ಸುಪ್ರಿನ್ ಡ್ರಿಪ್. ನಾಡಿ ಓಡತಿತ್ತು, ಕೈ ನಡಗತಿದ್ದವು. ಶ್ವಾಸಕೋಶದ ಸೂಜಿ ಎಲ್ಲಾರಿಗೂ ಸಿಗತಿರಲಿಲ್ಲ. ಸಿಕ್ಕಿದ್ರ ಅಂತ ಈಗೂ ಅನಸತೈತಿ. ಇರಲಿ, ನಿನಗ ಬರಿಯೋ ಮಾತಲ್ಲ ಅದು.

ಮತ್ತ ಅದ ಎದಿ ಮಾತು. ಸಾದಾ ಗುಳಗಿ ರಕ್ತದಾಗ ಸುಮಾರು ಎರಡು ತಾಸಿಗೊಮ್ಮೆ ಅರ್ಧ ಆಗತೈತಿ. ಮನಿಗೆ ಬಂದು ವಾರ ಆತು ಅಂತಿ, ಈಗ ಅದು ಮೈಯಾಗ ಉಳಿದಿಲ್ಲ. ದಿನ ತುಂಬಿದ ಮ್ಯಾಲೆ ಬರೋ ಬ್ಯಾನಿನೂ ತಡಿಯೂದಿಲ್ಲ.

ಕ್ಯಾಲ್ಸಿಯಂ ಗುಳಗಿ ನಿಲ್ಲಿಸೀಯಂತ, ಯಾಕವ್ವಾ? ದಾರಿ ಮುಚ್ಚೂದು ಬ್ಯಾರೆ, ರಕ್ತದಾಗ ಕ್ಯಾಲ್ಸಿಯಂ ಇಳಿಸೂದು ಬ್ಯಾರೆ. ತಗೋ, ಕಬ್ಬಿಣದ ಗುಳಗಿ ಜೋಡಿ ಮಾತ್ರ ಬ್ಯಾಡ, ಎರಡು ತಾಸು ಅಂತರ ಇರಲಿ. ಡಾಕ್ಟರ್ ಇದ್ದಾರ, ನಾ ಹೇಳೂದು ಹೆಚ್ಚಾತೇನೋ. ಉಚ್ಚಿ ಉರಿ ಇದ್ರ ಪರೀಕ್ಷಾ ಮಾಡಸು, ಆ ಸೋಂಕಿಗೂ ಬ್ಯಾನಿ ಎಬ್ಬತಾವು. ಹೊಟ್ಟಿ ಹತ್ತ ಹತ್ತ ನಿಮಿಷಕ್ಕ ಬಿಗದ್ರ, ನೀರು ಹೋದ್ರ, ರಕ್ತ ಕಂಡ್ರ, ಮನ್ಯಾಗ ಉಳಿದ ಗುಳಗಿ ನುಂಗಿ ಕೂಡಬ್ಯಾಡ, 108ಕ್ಕ ಫೋನ್ ಹಚ್ಚು.

ಡಿಸ್ಚಾರ್ಜ್ ಹಾಳ್ಯಾಗ ಬಿಪಿ, ಕೂಸಿನ ಬಡಿತ ಎಷ್ಟು ಬರದಾರ ನೋಡಿ ತಿಳಸು.

ನಿನ್ನ ದೊಡ್ಡವ್ವ