ಉಗುರಿನಲ್ಲಿ ಉಳಿದ ಎರಡು ವಾರ

ಪುಟ್ಟೀ,

ಮೊನ್ನೆ ಫೋನಿನಲ್ಲಿ ಧ್ರುವಯಾತ್ರಿಕ ಹಾಲ್‌ನ ಸಾವಿನ ಕಥೆ ಅರ್ಧಕ್ಕೇ ನಿಂತಿತು. "ಡಾಕ್ಟರೇ ವಿಷ ಹಾಕಿದ್ದು, ಬಿಡಮ್ಮ" ಅಂತ ತೀರ್ಪು ಕೊಟ್ಟು ನೀನು ಊಟಕ್ಕೆ ಓಡಿದೆ. ಅಷ್ಟು ಸಲೀಸಲ್ಲ ಕಣೆ.

ಚಾರ್ಲ್ಸ್ ಫ್ರಾನ್ಸಿಸ್ ಹಾಲ್ ನಾವಿಕನೇನಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ ಮುದ್ರೆ ಕೆತ್ತುತ್ತಾ, ಸಣ್ಣ ಪತ್ರಿಕೆ ನಡೆಸುತ್ತಾ ಇದ್ದವನು. ಉತ್ತರ ಧ್ರುವದ ಹುಚ್ಚು ಹತ್ತಿ 1860ರಲ್ಲಿ ಸಂಸಾರ ಬಿಟ್ಟು ತಿಮಿಂಗಿಲ ಬೇಟೆಯ ಹಡಗು ಹತ್ತಿದ. (ಇದೊಂದನ್ನು ನಾನು ಕ್ಷಮಿಸುವುದಿಲ್ಲ.) ಎಬಿಯರ್‌ಬಿಂಗ್, ಟುಕುಲಿಟೊ ಎಂಬ ಇನ್ಯೂಟ್ (ಆ ಹಿಮನಾಡಿನ ಮೂಲನಿವಾಸಿಗಳು) ದಂಪತಿಯ ಜೊತೆಗಿದ್ದು ಮಂಜಿನಲ್ಲಿ ಬದುಕುವುದನ್ನು ಕಲಿತ.

1871ರಲ್ಲಿ ಅಮೆರಿಕ ಸರ್ಕಾರ ಪೊಲಾರಿಸ್ ಎಂಬ ಹಡಗಿನಲ್ಲಿ ಕಳಿಸಿದ ಧ್ರುವಯಾತ್ರೆಗೆ ಅವನೇ ನಾಯಕ. ಹಡಗಿನ ಡಾಕ್ಟರ್ ಎಮಿಲ್ ಬೆಸೆಲ್ಸ್‌ಗೂ ಅವನಿಗೂ ಆಗುತ್ತಿರಲಿಲ್ಲ. ಅಕ್ಟೋಬರ್ 24ರಂದು ನಾಯಿಬಂಡಿಯಲ್ಲಿ ಸುತ್ತಿ ಬಂದವನು ಕಾಫಿ ಕುಡಿದ. ಆಮೇಲೆ ವಾಂತಿ, ಹಾಸಿಗೆ, ಸನ್ನಿ. ವಿಷ ಹಾಕಿದ್ದಾರೆ ಅಂತ ಕೂಗಾಡಿದ. ಡಾಕ್ಟರನ್ನು ದೂರವಿಟ್ಟ ಕೆಲವು ದಿನ ಚೇತರಿಸಿಕೊಂಡ. ಮತ್ತೆ ಅವನನ್ನೇ ಒಳಗೆ ಬಿಟ್ಟುಕೊಂಡ. ನವೆಂಬರ್ 8ಕ್ಕೆ ಹೋದ. ಲಕ್ವ ಹೊಡೆದು ಸತ್ತ ಅಂತ ನೌಕಾಪಡೆ ವಿಚಾರಣೆ ಮುಗಿಸಿತು.

1968ರಲ್ಲಿ ಚಾನ್ಸಿ ಲೂಮಿಸ್ ಎಂಬ ಪ್ರೊಫೆಸರ್ ಗ್ರೀನ್‌ಲ್ಯಾಂಡಿನಲ್ಲಿದ್ದ ಆ ಗೋರಿ ತೆಗೆಸಿದರು. ಅಮೆರಿಕದ ಬಾವುಟ ಸುತ್ತಿದ್ದ ದೇಹ ಆ ಚಳಿಗೆ ಪೂರ್ತಿ ಕರಗಿರಲಿಲ್ಲ. ಉಗುರು, ಕೂದಲು ತಂದು ಟೊರಾಂಟೊದಲ್ಲಿ ಪರೀಕ್ಷೆ ಮಾಡಿಸಿದರು.

ಗೌರಿಹಬ್ಬಕ್ಕೆ ಉಗುರಿಗೆ ಮದರಂಗಿ ಇಟ್ಟೆಯಲ್ಲ, ಈಗ ನೋಡಿಕೋ. ಬುಡದಲ್ಲಿ ಬಿಳಿ ಬಂದಿರುತ್ತೆ, ಕೆಂಪು ತುದಿಗೆ ಸರಿದಿರುತ್ತೆ. ವಿಷವೂ ಹಾಗೇ. ಹಳೆಯದು ತುದಿಯಲ್ಲಿ, ಹೊಸದು ಬುಡದಲ್ಲಿ. ಹಾಲ್ ಉಗುರಿನ ಬುಡದಲ್ಲೇ ಆರ್ಸೆನಿಕ್ ಎಂಬ ವಿಷ ಜಾಸ್ತಿ ಇತ್ತು. ಅಂದರೆ ಕೊನೆಯ ಎರಡು ವಾರದ್ದು, ಆ ಕಾಫಿಯ ಆಸುಪಾಸಿನದು!

ಆದರೆ ಆಗ ಆರ್ಸೆನಿಕ್ ಔಷಧಿಯೂ ಆಗಿತ್ತು. ಹಾಲ್ ತಾನೇ ನುಂಗಿರಬಹುದು ಎಂಬುದನ್ನು ಲೂಮಿಸ್ ಕೂಡ ತಳ್ಳಿಹಾಕಲಿಲ್ಲ. ನನಗೂ ಡಾಕ್ಟರ ಮೇಲೇ ಅನುಮಾನ. ಆದರೆ ಯಾರ ಕೈಯಿಂದ ಬಂತು ಅಂತ ಉಗುರು ಹೇಳಲ್ಲ, ಅಲ್ವಾ?

ಕಾಫಿಪುಡಿ ಮುಗಿಯಿತು ಅಂದಿದ್ದೆ. ಅರ್ಧ ಕೆಜಿ ಕಳಿಸಿದ್ದೇನೆ. ಹೆದರಬೇಡ, ಚಿಕೋರಿ ಬಿಟ್ಟು ಬೇರೇನೂ ಬೆರೆಸಿಲ್ಲ.

ಅಮ್ಮ